ಕಾವಲಿನ ಕಂದು ಹಕ್ಕಿ

ಜನವರಿಯ ಒಂದು ಮಧ್ಯಾಹ್ನ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲಿನ ಕಡೆ ಬೆಳಗಿನ ಹೊತ್ತು ಕಳೆದು ಬಂದ ಮಗಳು ಹಜಾರದಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದಾಳೆ. ಪಶುವೈದ್ಯರಾಗಿ ದುಡಿದು ನಿವೃತ್ತರಾದ ದೊಡ್ಡಪ್ಪ ಊಟ ಮುಗಿಸಿ ಪಕ್ಕದಲ್ಲಿ ಬಂದು ಕೂರುತ್ತಾರೆ.

ಮಗಳು: ದೊಡ್ಡಪ್ಪ, ಇದನ್ನು ನೋಡಿ. ಬೆಳಿಗ್ಗೆ ಎಂಟೂವರೆಗೆ ಸಿಕ್ಕಿತು. ಪ್ಯಾಲಿಡ್ ಹ್ಯಾರಿಯರ್, ಹೆಣ್ಣು. ಕಣ್ಣಿನ ಹೊಳಪು ಕೂಡ ಬಂದಿದೆ.

ದೊಡ್ಡಪ್ಪ: ಬಹಳ ಚೆನ್ನಾಗಿದೆ. ಹುಲ್ಲಿನ ತೆನೆ ರೆಕ್ಕೆಗೆ ತಾಗಿದ ಹಾಗೆ ಕಾಣುತ್ತೆ, ಅಷ್ಟು ಕೆಳಗೆ ಹಾರ್ತಾ ಇದೆ. ಪ್ಯಾಲಿಡ್ ಅಂತ ಯಾವುದನ್ನು ನೋಡಿ ಹೇಳಿದೆ?

ಮಗಳು: ಬಾಲದ ಬುಡದಲ್ಲಿ ಬಿಳಿ ಪಟ್ಟಿ ಇದೆಯಲ್ಲ.

ದೊಡ್ಡಪ್ಪ: ಆ ಪಟ್ಟಿ ಪ್ಯಾಲಿಡ್ ಹೆಣ್ಣಿಗೂ ಇದೆ, ಮಾಂಟೆಗ್ಯೂ ಹ್ಯಾರಿಯರ್ ಹೆಣ್ಣಿಗೂ ಇದೆ. ಎರಡರಲ್ಲೂ ಹೋದ ಬೇಸಿಗೆಯಲ್ಲಿ ಹುಟ್ಟಿ ಈಗ ಮೊದಲ ಸಲ ಇಲ್ಲಿಗೆ ಬಂದ ಎಳೆಯವಕ್ಕೂ ಇದೆ. ಈ ಕಂದು ಬಣ್ಣದವನ್ನೆಲ್ಲ ಸೇರಿಸಿ ಹಕ್ಕಿ ನೋಡುವವರು ರಿಂಗ್‌ಟೇಲ್ ಅಂತಾರೆ. ಪಟ್ಟಿ ಕಂಡರೆ ಇದು ಆ ಗುಂಪಿನ ಸೆಳೆವ, ಅಂದರೆ ಹ್ಯಾರಿಯರ್, ಅಂತ ಗೊತ್ತಾಗುತ್ತೆ. ಅಲ್ಲಿಂದ ಮುಂದೆ ಅದು ಸಹಾಯಕ್ಕೆ ಬರೋದಿಲ್ಲ.

ಮಗಳು: ಗಂಡು ಸಿಕ್ಕಿದ್ದರೆ ಈ ತಾಪತ್ರಯ ಇರ್ತಿರಲಿಲ್ಲ.

ದೊಡ್ಡಪ್ಪ: ಇರ್ತಿರಲಿಲ್ಲ. ಪ್ಯಾಲಿಡ್ ಗಂಡು ಒಗೆದು ಒಣಗಿಸಿದ ಪಂಚೆಯ ಹಾಗೆ ಬೆಳ್ಳಗೆ ಕಾಣುತ್ತೆ. ರೆಕ್ಕೆಯ ತುದಿಯಲ್ಲಿ ಮಾತ್ರ ಕಿರಿದಾದ ಕಪ್ಪು ಗೂಟ ಬಡಿದ ಹಾಗಿರುತ್ತೆ. ಮಾಂಟೆಗ್ಯೂ ಗಂಡು ಬೂದಿ ಬಣ್ಣ. ರೆಕ್ಕೆಯ ಮೇಲೆ ಕಾಡಿಗೆಯಲ್ಲಿ ಎಳೆದ ಹಾಗೆ ಒಂದು ಕಪ್ಪು ಗೆರೆ, ಅಡಿಯಲ್ಲಿ ಎರಡು ಗೆರೆ, ಪಕ್ಕೆಯಲ್ಲಿ ಇಟ್ಟಿಗೆ ಬಣ್ಣದ ಗೀರು. ದೂರದಿಂದಲೂ ಹೇಳಬಹುದು. ಆದರೆ ಕಾವಲಿನ ಮೇಲೆ ನೀನು ಕಾಣುವ ಸೆಳೆವಗಳಲ್ಲಿ ಕಂದು ಬಣ್ಣದವೂ ಬೇಕಾದಷ್ಟು ಇರುತ್ತವೆ. ಅವನ್ನು ಬಿಟ್ಟು ಲೆಕ್ಕ ಹಾಕೋಕೆ ಆಗೋದಿಲ್ಲ.

ಮಗಳು: ಗಂಡು ಬೂದಿ, ಹೆಣ್ಣು ಕಂದು. ಇಷ್ಟು ಬೇರೆ ಬೇರೆಯಾಗಿ ಕಾಣುವ ಎರಡನ್ನು ಒಂದೇ ಜಾತಿ ಅಂತ ಮೊದಲು ಹೇಗೆ ಕಂಡುಕೊಂಡರೋ.

ದೊಡ್ಡಪ್ಪ: ಬಹಳ ಕಾಲ ಕಂಡುಕೊಂಡಿರಲಿಲ್ಲ. ಇಂಗ್ಲೆಂಡಿನಲ್ಲಿ ಹೆನ್ ಹ್ಯಾರಿಯರ್ ಅನ್ನೋದು ಒಂದು ಜಾತಿ, ರಿಂಗ್‌ಟೇಲ್ ಅನ್ನೋದು ಇನ್ನೊಂದು ಜಾತಿ ಅಂತಲೇ ನಂಬಿದ್ದರು. ಜಾರ್ಜ್ ಮಾಂಟೆಗ್ಯೂ ಅಂತ ಒಬ್ಬ ಸೈನ್ಯದ ಅಧಿಕಾರಿ, 1802ರಲ್ಲಿ ಹಕ್ಕಿಗಳ ನಿಘಂಟು ಪ್ರಕಟಿಸಿದವನು. ಅವನು ಗೂಡಿನ ಮರಿಗಳನ್ನು ತಂದು ಸಾಕಿದ. ಒಂದೇ ಗೂಡಿನ ಕಂದು ಮರಿಗಳು ಬೆಳೆದು ಗರಿ ಬದಲಿಸುವಾಗ ಗಂಡು ಬೂದಿಯಾಯಿತು, ಹೆಣ್ಣು ಕಂದಾಗಿಯೇ ಉಳಿಯಿತು. ಎರಡು ಜಾತಿ ಅಂತ ಬರೆದಿದ್ದು ಗಂಡ ಹೆಂಡತಿ ಅಂತ ತೀರ್ಮಾನವಾಯಿತು. ಅವನೇ ಇನ್ನೊಂದು ಕೆಲಸವನ್ನೂ ಮಾಡಿದ. ಹೆನ್ ಹ್ಯಾರಿಯರ್ ಜೊತೆ ಸೇರಿಸಿ ಒಂದೇ ಅಂದುಕೊಂಡಿದ್ದರಲ್ಲಿ ಸಣಕಲು ಮೈಯ ಬೇರೆ ಜಾತಿ ಇದೆ ಅಂತ ತೋರಿಸಿದ. ಅದಕ್ಕೇ ಈಗ ಅವನ ಹೆಸರಿರೋದು.

ಮಗಳು: ಅಂದರೆ ಒಂದನ್ನು ಎರಡು ಅನ್ನೋದು, ಎರಡನ್ನು ಒಂದು ಅನ್ನೋದು, ಎರಡು ತಪ್ಪನ್ನೂ ಒಬ್ಬನೇ ತಿದ್ದಿದ.

ದೊಡ್ಡಪ್ಪ: ಹೌದು. ಆ ಎರಡು ತಪ್ಪಿಗೂ ದಾರಿ ಇವತ್ತಿಗೂ ತೆರೆದೇ ಇದೆ. ಅಷ್ಟು ದೂರ ಯಾಕೆ, ನಮ್ಮ ಊರಿನ ಗರುಡನನ್ನೇ ತಗೋ. ಬಿಳಿ ತಲೆ, ಕೆಂಗಂದು ಮೈ, ಎಲ್ಲರಿಗೂ ಗೊತ್ತು, ಕಂಡರೆ ಕೈ ಮುಗೀತಾರೆ. ಗರುಡನ ಮರಿ ಕಂದು ಬಣ್ಣ. ಅದನ್ನು ಕಂಡು ಎಲ್ಲರೂ ಹದ್ದು ಅಂತಾರೆ.

ಮಗಳು: ಅದು ನನಗೆ ಗೊತ್ತು. ಹದ್ದಿನ ಬಾಲ ಕವಲೊಡೆದಿರುತ್ತೆ, ಗರುಡನ ಬಾಲದ ತುದಿ ದುಂಡಗೆ.

ದೊಡ್ಡಪ್ಪ: ಸರಿ. ಆದರೆ ಹದ್ದು ತಿರುಗೋವಾಗ ಬಾಲವನ್ನು ಬೀಸಣಿಗೆ ಹಾಗೆ ಬಿಚ್ಚುತ್ತೆ. ಆಗ ಕವಲು ಮುಚ್ಚಿಹೋಗಿ ತುದಿ ನೇರವಾಗಿ ಕಾಣುತ್ತೆ. ನಿನ್ನ ಕ್ಯಾಮೆರಾ ಸರಿಯಾಗಿ ಆ ಕ್ಷಣದಲ್ಲಿ ಕ್ಲಿಕ್ ಆದರೆ? ಒಂದು ಗುರುತಿನ ಮೇಲೆ ಹೆಸರಿಡಬಾರದು ಅಂತ ನಾನು ಕಲಿತದ್ದು ಹಾಗೆ. ಕಣ್ಣಿನಲ್ಲಿ ನೋಡುವಾಗ ಬಾಲ ಬಿಚ್ಚಿದ್ದೂ ಮುಚ್ಚಿದ್ದೂ ಎರಡೂ ಕಾಣುತ್ತೆ. ಚಿತ್ರದಲ್ಲಿ ಒಂದೇ ಕಾಣುತ್ತೆ.

ಮಗಳು: ಹಾಗಿದ್ದರೆ ಚಿತ್ರಕ್ಕಿಂತ ಕಣ್ಣೇ ವಾಸಿ ಅಂತೀರಾ?

ದೊಡ್ಡಪ್ಪ: ಇಲ್ಲಮ್ಮ. ಕಣ್ಣು ಕಂಡಿದ್ದನ್ನು ಮನಸ್ಸು ತನಗೆ ಬೇಕಾದ ಹಾಗೆ ತಿದ್ದಿಬಿಡುತ್ತೆ. ನಾನು ದುರ್ಬೀನಿನಲ್ಲಿ ನೋಡಿ ಮನೆಗೆ ಬಂದು ಪುಸ್ತಕ ತೆರೆಯುವ ಹೊತ್ತಿಗೆ, ಪುಸ್ತಕದಲ್ಲಿ ಇದ್ದದ್ದನ್ನೇ ನೋಡಿದೆ ಅಂತ ಅನ್ನಿಸೋಕೆ ಶುರುವಾಗುತ್ತಿತ್ತು. ಚಿತ್ರ ಹಾಗೆ ಬದಲಾಗೋದಿಲ್ಲ. ಆದರೆ ಒಂದು ಚಿತ್ರ ಸಾಲದು. ಇದೇ ಹಕ್ಕಿದು ಇನ್ನೂ ಇದೆಯಾ?

ಮಗಳು: ಒಟ್ಟು ಇಪ್ಪತ್ಮೂರು. ಇದೊಂದೇ ಚೆನ್ನಾಗಿರೋದು. ಮಿಕ್ಕಿದ್ದು ಅಳಿಸೋಣ ಅಂತಿದ್ದೆ.

ದೊಡ್ಡಪ್ಪ: ಅಳಿಸಬೇಡ. ಮೊದಲಿನಿಂದ ಒಂದೊಂದಾಗಿ ತೋರಿಸು.

ಮಗಳು: ಇಗೋ, ದೂರದಲ್ಲಿ ಬರ್ತಾ ಇದೆ. ಇದರಲ್ಲಿ ಫೋಕಸ್ ಹುಲ್ಲಿನ ಮೇಲೆ ಹೋಗಿದೆ. ಇದರಲ್ಲಿ ಮುಖ ನಮ್ಮ ಕಡೆ ಇದೆ, ಸ್ವಲ್ಪ ಅಲ್ಲಾಡಿದೆ.

ದೊಡ್ಡಪ್ಪ: ಅಲ್ಲಿ ನಿಲ್ಲಿಸು. ಮುಖ ದೊಡ್ಡದು ಮಾಡು. ಸೆಳೆವದ ಮುಖ ಗೂಬೆಯ ಹಾಗೆ ತಟ್ಟೆಯಾಗಿರುತ್ತೆ. ಹುಲ್ಲಿನೊಳಗೆ ಇಲಿ ಸರಿದಾಡುವ ಸದ್ದು ಕೇಳಿಸಿಕೊಳ್ಳೋಕೆ. ಕಣ್ಣಿನ ಹಿಂದೆ, ಕಿವಿ ಇರೋ ಜಾಗದಲ್ಲಿ ಕಪ್ಪು ಮಚ್ಚೆ ಕಾಣುತ್ತಲ್ಲ, ಅದು ಎಲ್ಲಿವರೆಗೆ ಬಂದಿದೆ?

ಮಗಳು: ಕೆನ್ನೆ ಮೇಲೆ ಕುಡುಗೋಲಿನ ಹಾಗಿದೆ. ಕೊಕ್ಕಿನ ಬುಡದವರೆಗೆ ಬಂದಿಲ್ಲ. ಕಣ್ಣಿನ ಸುತ್ತ ಬಿಳಿ ಜಾಸ್ತಿ ಇದೆ.

ದೊಡ್ಡಪ್ಪ: ಆ ಮಚ್ಚೆಯ ಹಿಂದೆ, ಕತ್ತಿನ ಸುತ್ತ ಬಿಳಿಚು ಪಟ್ಟಿ ಇದೆಯಾ? ಕೊರಳಪಟ್ಟಿ ಕಟ್ಟಿದ ಹಾಗೆ?

ಮಗಳು: ಸರಿಯಾಗಿ ಕಾಣ್ತಾ ಇಲ್ಲ. ಇದ್ದ ಹಾಗೂ ಇದೆ, ಇಲ್ಲದ ಹಾಗೂ ಇದೆ.

ದೊಡ್ಡಪ್ಪ: ಪ್ಯಾಲಿಡ್ ಆಗಿದ್ದರೆ ಆ ಪಟ್ಟಿ ಎದ್ದು ಕಾಣಬೇಕು. ಅದರ ಹಿಂದೆ ಕತ್ತಿನ ಪಕ್ಕ ಕಡುಗಂದು ಇರುತ್ತೆ, ಅದರಿಂದ ಪಟ್ಟಿ ಇನ್ನೂ ಬೆಳ್ಳಗೆ ಕಾಣುತ್ತೆ. ಎಳೆಯ ಪ್ಯಾಲಿಡ್‌ನಲ್ಲಂತೂ ಬಿಳಿ ಮಫ್ಲರ್ ಸುತ್ತಿಕೊಂಡ ಹಾಗೆ ಇರುತ್ತೆ. ಇಲ್ಲಿ ಅಂಥದ್ದು ಕಾಣ್ತಿಲ್ಲ. ಆದರೆ ಚಿತ್ರ ಅಲ್ಲಾಡಿರೋದರಿಂದ ಇದೊಂದನ್ನೇ ನಂಬಿ ಹೇಳಲ್ಲ. ಮುಂದೆ ಹೋಗು.

ಮಗಳು: ಇಲ್ಲಿ ರೆಕ್ಕೆ ಎತ್ತಿದೆ. ಮುಗಿದ ಕೈಯನ್ನು ಅರ್ಧ ಬಿಚ್ಚಿದ ಹಾಗೆ.

ದೊಡ್ಡಪ್ಪ: ಒಳ್ಳೆಯ ಮಾತು. ಸೆಳೆವ ತೇಲೋದೇ ಹಾಗೆ. ಹದ್ದು ರೆಕ್ಕೆಯನ್ನು ಚಪ್ಪಟೆಯಾಗಿ ಹಿಡಿಯುತ್ತೆ, ಇದು ಮೇಲೆತ್ತಿ ಹಿಡಿಯುತ್ತೆ. ರೆಕ್ಕೆಯ ತುದಿಯಲ್ಲಿ ಬಿಡಿಬಿಡಿಯಾಗಿ ಕಾಣುವ ಬೆರಳುಗರಿ ಎಷ್ಟು ಎಣಿಸು.

ಮಗಳು: ನಾಲ್ಕು.

ದೊಡ್ಡಪ್ಪ: ಹೆನ್ ಹ್ಯಾರಿಯರ್ ಆಗಿದ್ದರೆ ಐದು ಇರಬೇಕಿತ್ತು. ಅದು ಚಳಿಗಾಲಕ್ಕೆ ಉತ್ತರ ಭಾರತಕ್ಕೆ ಬರೋದು, ಇಲ್ಲಿವರೆಗೆ ಬರೋ ಹಕ್ಕಿ ಅಲ್ಲ. ಆದರೂ ಎಣಿಸೋದು ಒಳ್ಳೆಯ ಅಭ್ಯಾಸ. ಪ್ಯಾಲಿಡ್, ಮಾಂಟೆಗ್ಯೂ ಎರಡಕ್ಕೂ ನಾಲ್ಕೇ.

ಮಗಳು: ಹನ್ನೊಂದನೆಯದು ನೋಡಿ. ಇದಂತೂ ಹಾಳು. ಪಕ್ಕಕ್ಕೆ ವಾಲಿದೆ, ತಲೆ ಅರ್ಧ ಕತ್ತರಿಸಿ ಹೋಗಿದೆ.

ದೊಡ್ಡಪ್ಪ: ನಿಲ್ಲಿಸು, ನಿಲ್ಲಿಸು! ವಾಲಿರೋದರಿಂದ ರೆಕ್ಕೆಯ ಅಡಿ ಪೂರ್ತಿ ಬಿಸಿಲಿಗೆ ಬಂದಿದೆ. ನನಗೆ ಬೇಕಾಗಿದ್ದು ಇದೇ. ರೆಕ್ಕೆಯ ಒಳಭಾಗ, ಮೈಗೆ ಹತ್ತಿರ ಇರುವ ಗರಿಗಳನ್ನು ನೋಡು. ಎಷ್ಟು ಕಪ್ಪು ಪಟ್ಟಿ?

ಮಗಳು: ಅಂಚಿನಲ್ಲಿ ಒಂದು. ಅದರ ಒಳಗಡೆ ಇನ್ನೊಂದು ದಪ್ಪಗೆ. ಮಧ್ಯೆ ಅಗಲವಾಗಿ ಬಿಳಿಚು ಜಾಗ.

ದೊಡ್ಡಪ್ಪ: ಆ ಬಿಳಿಚು ಜಾಗ ಮೈ ಹತ್ತಿರ ಬರ್ತಾ ಬರ್ತಾ ಏನಾಗುತ್ತೆ?

ಮಗಳು: ಏನೂ ಆಗಲ್ಲ. ಕಂಕುಳವರೆಗೂ ಹಾಗೇ ಅಗಲವಾಗಿದೆ.

ದೊಡ್ಡಪ್ಪ: ಪ್ಯಾಲಿಡ್ ಹೆಣ್ಣಿನಲ್ಲಿ ಒಳಗಿನ ಗರಿಗಳೇ ಒಟ್ಟಾರೆ ಮಬ್ಬಾಗಿರುತ್ತವೆ. ಬಿಳಿಚು ಪಟ್ಟಿ ಮೈ ಕಡೆ ಬರ್ತಾ ಕಿರಿದಾಗಿ ಕಂದಿನಲ್ಲಿ ಕರಗಿಹೋಗುತ್ತೆ. ಇಲ್ಲಿ ಕರಗಿಲ್ಲ. ಈಗ ಕಂಕುಳ ಗರಿ ನೋಡು.

ಮಗಳು: ಕೆಂಗಂದು ಅಡ್ಡಪಟ್ಟಿ ಇದೆ. ಚೌಕಳಿ ಲುಂಗಿ ಹಾಗೆ.

ದೊಡ್ಡಪ್ಪ: ಆ ಚೌಕಳಿ ಮಾಂಟೆಗ್ಯೂ ಹೆಣ್ಣಿನದು. ಕೆನ್ನೆಯ ಕುಡುಗೋಲು, ಇಲ್ಲದ ಕೊರಳಪಟ್ಟಿ, ರೆಕ್ಕೆಯಡಿಯ ಪಟ್ಟಿ, ಕಂಕುಳು. ನಾಲ್ಕೂ ಒಂದೇ ಕಡೆ ಬೆರಳು ತೋರಿಸ್ತಾ ಇವೆ. ಇದು ಪ್ಯಾಲಿಡ್ ಅಲ್ಲಮ್ಮ. ಮಾಂಟೆಗ್ಯೂ.

ಮಗಳು: ಪ್ಯಾಲಿಡ್ ಅಂತಲೇ ಹೆಸರು ಕೊಟ್ಟು ಸ್ನೇಹಿತರಿಗೆ ಕಳಿಸಿಬಿಟ್ಟಿದ್ದೆ. ಅದು ಅಪರೂಪ ಅಂತ ಎಲ್ಲರೂ ಖುಷಿಪಟ್ಟರು.

ದೊಡ್ಡಪ್ಪ: ತಿದ್ದಿ ಮತ್ತೆ ಕಳಿಸು. ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಅಪರೂಪದ್ದು ಸಿಗಲಿ ಅಂತ ಮನಸ್ಸು ಆಸೆಪಡುವುದು ಸಹಜ. ಆಸೆ ಇದೆ ಅಂತ ಗೊತ್ತಿದ್ದವರು ಇನ್ನೊಂದು ಸಲ ನೋಡುತ್ತಾರೆ.

ಮಗಳು: ಒಂದು ಕೇಳ್ತೀನಿ, ತಪ್ಪು ತಿಳೀಬೇಡಿ. ಎರಡೂ ಕಂದು, ಎರಡೂ ದೂರದೇಶದಿಂದ ಬರ್ತವೆ, ಎರಡೂ ಮಿಡತೆ ತಿಂತವೆ. ಇದು ಅದು ಅಂತ ಇಷ್ಟೆಲ್ಲ ಗುದ್ದಾಡೋದರಿಂದ ಹಕ್ಕಿಗೆ ಏನು ಸಿಗುತ್ತೆ?

ದೊಡ್ಡಪ್ಪ: ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಮಂಡಿ ಊದಿದ ಎತ್ತಿಗೆ, ಕೆಚ್ಚಲು ಬಾತ ಹಸುವಿಗೆ ಡೈಕ್ಲೊಫೆನಾಕ್ ಚುಚ್ಚುತ್ತಿದ್ದೆವು. ಒಳ್ಳೆಯ ನೋವಿನ ಔಷಧಿ, ನಾನೇ ಎಷ್ಟೋ ಸಲ ಕೊಟ್ಟಿದ್ದೀನಿ. ಆ ಔಷಧಿ ಮೈಯಲ್ಲಿರುವಾಗ ಸತ್ತ ದನವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ ಅಂತ ಆಮೇಲೆ ಗೊತ್ತಾಯಿತು. ಪಶುಗಳಿಗೆ ಅದನ್ನು ಕೊಡಬಾರದು ಅಂತ 2006ರಲ್ಲಿ ಸರ್ಕಾರ ನಿಷೇಧಿಸಿತು. ಅಷ್ಟು ಹೊತ್ತಿಗೆ ಆಕಾಶ ಖಾಲಿಯಾಗಿತ್ತು. ಅದರಲ್ಲಿ ಇನ್ನೊಂದು ಸಂಗತಿ ಇದೆ. ಉದ್ದಕೊಕ್ಕಿನ ರಣಹದ್ದು ಅಂತ ಒಂದೇ ಹೆಸರಿನಲ್ಲಿ ಕರೀತಿದ್ದದ್ದು ನಿಜವಾಗಿ ಎರಡು ಜಾತಿ. ಒಂದು ನಮ್ಮ ರಾಮನಗರದ ರಾಮದೇವರ ಬೆಟ್ಟದಲ್ಲಿರೋದು, ಬಂಡೆಯ ಮೇಲೆ ಗೂಡು ಕಟ್ಟುತ್ತೆ. ಇನ್ನೊಂದು ಹಿಮಾಲಯದ ತಪ್ಪಲಿನಿಂದ ಅಸ್ಸಾಂವರೆಗೆ, ಮರದ ಮೇಲೆ ಗೂಡು ಕಟ್ಟುತ್ತೆ. ಅವೆರಡೂ ಬೇರೆ ಅಂತ ವಿಜ್ಞಾನಿಗಳು ಖಚಿತವಾಗಿ ಬೇರ್ಪಡಿಸಿದ್ದು 2001ರಲ್ಲಿ. ಆಗಲೇ ಎರಡೂ ಸಾಯುತ್ತಿದ್ದವು. ಒಂದೇ ಹೆಸರಿನ ಕೆಳಗೆ ಎಣಿಸಿದಾಗ, ಅದರಲ್ಲಿ ಕಡಿಮೆ ಇರುವುದು ಎಷ್ಟು ಕಡಿಮೆ ಅಂತ ಯಾರಿಗೂ ಕಾಣೋದಿಲ್ಲ.

ಮಗಳು: ಪ್ಯಾಲಿಡ್ ಕಥೆಯೂ ಹಾಗೇನಾ?

ದೊಡ್ಡಪ್ಪ: ಅಷ್ಟು ಘೋರವಾಗಿ ಇಲ್ಲ, ಆಗಬಾರದು ಅಂತಲೇ ಹೇಳೋದು. ಜಗತ್ತಿನ ಪಟ್ಟಿಯಲ್ಲಿ ಪ್ಯಾಲಿಡ್ ಅಪಾಯದ ಅಂಚಿಗೆ ಬಂದಿರುವ ಹಕ್ಕಿ. ಮಾಂಟೆಗ್ಯೂ ಆ ಅಂಚಿಗೆ ಬಂದಿಲ್ಲ. ನೀನು ಮಾಂಟೆಗ್ಯೂವನ್ನು ಪ್ಯಾಲಿಡ್ ಅಂದರೆ, ಇಲ್ಲದ ಪ್ಯಾಲಿಡ್ ಲೆಕ್ಕಕ್ಕೆ ಸೇರುತ್ತೆ. ಹೀಗೆ ಹತ್ತು ಜನ ಹತ್ತು ಕಡೆ ಮಾಡಿದರೆ ಪರವಾಗಿಲ್ಲ, ಬೇಕಾದಷ್ಟಿವೆ ಅಂತ ಅನ್ನಿಸಿಬಿಡುತ್ತೆ. ಗುಜರಾತಿನ ವೇಳಾವದರ್ ಹುಲ್ಲುಗಾವಲಿನಲ್ಲಿ 1990ರ ದಶಕದಲ್ಲಿ ಒಂದೇ ಸಂಜೆ ಸಾವಿರಾರು ಸೆಳೆವಗಳು ಬಂದು ಇಳೀತಿದ್ದವು. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಸುಮಾರು 30 ವರ್ಷಗಳ ತಂಗುದಾಣದ ಎಣಿಕೆಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದರು. ದೇಶಕ್ಕೆ ಬರುವ ಸೆಳೆವಗಳು ಕಡಿಮೆಯಾಗುತ್ತಿವೆ ಅಂತಲೇ ಆ ಲೆಕ್ಕ ಹೇಳುತ್ತೆ. ಸಂಜೆ ಹೊತ್ತು ಹುಲ್ಲಿನ ಬದಿಯಲ್ಲಿ ಕೂತು ಒಂದೊಂದಾಗಿ ಎಣಿಸಿದವರು ಇಲ್ಲದಿದ್ದರೆ ಅದು ತಿಳಿಯುತ್ತಲೇ ಇರಲಿಲ್ಲ.

ಮಗಳು: ಅವು ರಾತ್ರಿ ಮರದ ಮೇಲೆ ಕೂರೋದಿಲ್ಲವಾ?

ದೊಡ್ಡಪ್ಪ: ಇಲ್ಲ. ನೆಲದ ಮೇಲೆ, ಹುಲ್ಲಿನೊಳಗೆ. ಒಂದೊಂದೂ ಒಂದೊಂದು ಜಾಗ ತುಳಿದು ತಟ್ಟೆಯಷ್ಟು ಅಗಲ ಮಾಡಿಕೊಳ್ಳುತ್ತೆ. ಇರು, ಒಂದು ತೋರಿಸ್ತೀನಿ. ಈ ಬೆಂಕಿಪೊಟ್ಟಣ ತೆಗೆದು ನೋಡು.

ಮಗಳು: ಇದೇನು, ಒಣಗಿದ ಸಗಣಿ ಉಂಡೆಯ ಹಾಗಿದೆ?

ದೊಡ್ಡಪ್ಪ: ಸೆಳೆವ ಅರಗದೆ ಉಳಿದದ್ದನ್ನು ಬಾಯಿಂದ ಉಗುಳಿದ ಉಂಡೆ. ಹಕ್ಕಿಗಳು ವಾಪಸು ಹೋದ ಮೇಲೆ, ಏಪ್ರಿಲಿನಲ್ಲಿ, ಕಾವಲಿನ ಆಚೆ ಒಂದು ಬೀಳು ಹೊಲದಲ್ಲಿ ಸಿಕ್ಕಿತ್ತು. ಬೆರಳಲ್ಲಿ ಮೆಲ್ಲಗೆ ಬಿಡಿಸು.

ಮಗಳು: ಮಿಡತೆ ಕಾಲು! ಗರಗಸದ ಹಲ್ಲು ಕೂಡ ಹಾಗೇ ಇದೆ. ಇದು ಮಿಡತೆಯ ದವಡೆ ಇರಬೇಕು. ಇಲ್ಲೊಂದು ಪುಟ್ಟ ಗರಿ.

ದೊಡ್ಡಪ್ಪ: ಸಣ್ಣ ಹಕ್ಕಿ ಯಾವುದೋ. ಮಿಕ್ಕಿದ್ದೆಲ್ಲ ಮಿಡತೆ. ಸುತ್ತಲಿನ ರಾಗಿ, ಕಡಲೆ ಹೊಲದವರು ಈ ಹಕ್ಕಿಗೆ ಒಂದು ಕಾಸು ಕೊಟ್ಟಿಲ್ಲ, ಅದು ಚಳಿಗಾಲವಿಡೀ ಅವರ ಪೈರಿನ ಕೆಲಸ ಮಾಡಿ ಹೋಗುತ್ತೆ. ಇಲ್ಲಿ ಉಪಗ್ರಹ ಟ್ಯಾಗ್ ಕಟ್ಟಿ ಬಿಟ್ಟ ಸೆಳೆವಗಳು ಕಝಾಕಸ್ತಾನದ ಹುಲ್ಲುಗಾವಲಿಗೆ ಹೋಗಿ ಮುಟ್ಟಿದ್ದು ದಾಖಲಾಗಿದೆ. ಆ ಹುಲ್ಲಿನಲ್ಲಿ ಮರಿ ಮಾಡಿ, ಈ ಹುಲ್ಲಿನಲ್ಲಿ ಹೊಟ್ಟೆ ಹೊರೆಯುತ್ತವೆ. ನಡುವೆ ಹುಲ್ಲೇ ಇಲ್ಲದಿದ್ದರೆ ಇಳಿಯೋದೆಲ್ಲಿ?

ಮಗಳು: ಕಂದಾಯದ ದಾಖಲೆಯಲ್ಲಿ ಹುಲ್ಲುಗಾವಲನ್ನು ಖರಾಬು, ಬಂಜರು ಅಂತ ಬರೀತಾರಲ್ಲ.

ದೊಡ್ಡಪ್ಪ: ಅದೂ ತಪ್ಪು ಹೆಸರೇ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತಿದ್ದ ದನದ ಇಲಾಖೆಗೆ ಟಿಪ್ಪು ಅಮೃತಮಹಲ್ ಅಂತ ಹೆಸರಿಟ್ಟ. ಆ ದನಗಳಿಗೆ ಅಂತ ಕಾದಿರಿಸಿದ ಕಾವಲುಗಳು ಲಕ್ಷಗಟ್ಟಲೆ ಎಕರೆ ಇದ್ದವು. ಬಂಜರಾಗಿದ್ದರೆ ಅಂಥ ಹೋರಿಗಳು ಅಲ್ಲಿ ಮೇಯುತ್ತಿದ್ದವಾ? ಬಹುಪಾಲು ಈಗ ಹೊಲ, ನೆಡುತೋಪು, ಕಟ್ಟಡವಾಗಿದೆ. ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದ್ದರಿಂದ ಕೃಷ್ಣಮೃಗ, ತೋಳ, ಸೆಳೆವ ಇಷ್ಟಾದರೂ ಉಳಿದಿವೆ.

ಮಗಳು: ಅಜ್ಜಂಪುರದ ಅಮೃತಮಹಲ್ ಹಿಂಡಿನಲ್ಲಿ ನನಗೆ ಎಲ್ಲ ಹಸುವೂ ಒಂದೇ ಥರ ಕಾಣಿಸಿತ್ತು. ಬೂದು ಮೈ, ಹಿಂದಕ್ಕೆ ಬಾಗಿದ ಉದ್ದ ಕೊಂಬು.

ದೊಡ್ಡಪ್ಪ: ನನಗೂ ಮೊದಲು ಹಾಗೇ. ದನ ಕಾಯುವ ಒಬ್ಬ ಮುದುಕ ಅರ್ಧ ಮೈಲಿ ಆಚೆಯಿಂದಲೇ ಹೆಸರು ಹಿಡಿದು ಕರೀತಿದ್ದ. ಹೇಗಪ್ಪಾ ಅಂತ ಕೇಳಿದರೆ, ನಡಿಗೆ ನೋಡಿ ಸ್ವಾಮಿ ಅಂದ. ಹಕ್ಕಿಯಲ್ಲೂ ಅದೇ. ಮಾಂಟೆಗ್ಯೂ ರೆಕ್ಕೆ ಉದ್ದ, ಸಪೂರ. ಗಾಳಿಗೆ ಬಿಟ್ಟ ಕಾಗದದ ಹಾಗೆ ಹಗುರಾಗಿ ಹೋಗುತ್ತೆ. ನೂರು ಸಲ ನೋಡಿದ ಮೇಲೆ ಅದು ಕಣ್ಣಿಗೆ ಹತ್ತುತ್ತೆ. ಆದರೂ ನಡಿಗೆ ನೋಡಿ ಊಹಿಸಿ, ಗರಿ ನೋಡಿ ಖಚಿತ ಮಾಡಿಕೋಬೇಕು. ಅದಕ್ಕೆ ನಿನ್ನ ಕ್ಯಾಮೆರಾ ಬೇಕು.

ಮಗಳು: ಹಾಗಾದರೆ ಗುರುತಿಗೆ ಬೇಕಾದ ಚಿತ್ರ ಹೇಗೆ ತೆಗೀಬೇಕು ಹೇಳಿ. ನಾನು ಇಷ್ಟು ದಿನ ಕಣ್ಣು, ಹಿನ್ನೆಲೆ, ಚೆಂದ ಅಷ್ಟನ್ನೇ ನೋಡ್ತಿದ್ದೆ.

ದೊಡ್ಡಪ್ಪ: ತಾಂತ್ರಿಕ ವಿಷಯ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ನೀನೇ ಹೇಳು, ಹನ್ನೊಂದನೆಯದರಲ್ಲಿ ರೆಕ್ಕೆಯ ಅಡಿ ಯಾಕೆ ಇಷ್ಟು ಸ್ಪಷ್ಟ?

ಮಗಳು: ಬಿಸಿಲು ನನ್ನ ಬೆನ್ನ ಹಿಂದಿತ್ತು, ಇನ್ನೂ ಓರೆಯಾಗಿತ್ತು. ಒಣಹುಲ್ಲಿನಿಂದಲೂ ಬೆಳಕು ಮೇಲಕ್ಕೆ ಚಿಮ್ಮಿರಬೇಕು. ಶಟರ್ 1/2500ರಲ್ಲಿತ್ತು, ಹಾಗಾಗಿ ಗರಿ ಕದಡಿಲ್ಲ. ಒಂದೇ ಸಮನೆ ಒತ್ತಿಕೊಂಡಿದ್ದರಿಂದ ವಾಲಿದ ಕ್ಷಣವೂ ಸಿಕ್ಕಿತು. ಹತ್ತು ಗಂಟೆ ಮೇಲೆ ತೆಗೆದವು ಯಾವುದೂ ಬಂದಿಲ್ಲ. ನೆಲದಿಂದ ಝಳ ಎದ್ದು, ಲೆನ್ಸ್ ಎಷ್ಟೇ ಒಳ್ಳೆಯದಿದ್ದರೂ ಹಕ್ಕಿ ನೀರಿನೊಳಗೆ ಇದ್ದ ಹಾಗೆ ಕಾಣುತ್ತೆ.

ದೊಡ್ಡಪ್ಪ: ನೋಡಿದೆಯಾ, ಎಲ್ಲ ನಿನಗೇ ಗೊತ್ತು. ಹಕ್ಕಿ ಮೇಲೆ ಹಾರಿ ಆಕಾಶ ಹಿಂದೆ ಬಂದಾಗ?

ಮಗಳು: ಎಕ್ಸ್‌ಪೋಷರ್ ಒಂದು ಸ್ಟಾಪ್ ಹೆಚ್ಚು ಮಾಡಬೇಕು. ಇಲ್ಲದಿದ್ದರೆ ಅಡಿ ಪೂರ್ತಿ ಕಪ್ಪಾಗುತ್ತೆ, ಪಟ್ಟಿ ಎಣಿಸೋಕೆ ಆಗಲ್ಲ. ಆಮೇಲೆ ಕಂಪ್ಯೂಟರಿನಲ್ಲಿ ನಾಯ್ಸ್ ತೆಗೆಯೋಕೆ ಹೋಗಿ ಜಾಸ್ತಿ ನಯ ಮಾಡಿದರೆ ಚೌಕಳಿ ಅಳಿಸಿಹೋಗುತ್ತೆ. ಬಣ್ಣ ಬೆಚ್ಚಗೆ ಮಾಡಿದರೆ ಕಂದು ಹಕ್ಕಿ ಕೆಂಪಾಗುತ್ತೆ, ನೋಡಿದವರು ಎಳೆಯದು ಅಂದುಕೊಳ್ತಾರೆ. ಮೂಲ ಕಡತ ಮುಟ್ಟದೆ ಇಡಬೇಕು.

ದೊಡ್ಡಪ್ಪ: ಇದರ ಮೇಲೆ ನಾನು ಸೇರಿಸೋದು ಒಂದೇ. ಹೋದ ವಾರ ಯಾರೋ ನಾಲ್ಕು ಜನ ಜೀಪನ್ನು ದಾರಿ ಬಿಟ್ಟು ಹುಲ್ಲಿಗೇ ಇಳಿಸಿದ್ದರು. ಸಂಜೆ ಕೂತ ಹಕ್ಕಿಗಳನ್ನು ಎಬ್ಬಿಸಿ, ಹಾರಿದಾಗ ಚಿತ್ರ ತೆಗೀತಿದ್ದರು. ಅವರಿಗೆ ಕೂಗಿ ಹೇಳಿದೆ, ಕೇಳಿಸಿಕೊಳ್ಳಲಿಲ್ಲ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನರಿ, ಕಾಡುಬೆಕ್ಕು ಓಡಾಡೋ ಹೊತ್ತಿನಲ್ಲಿ ನೆಲದ ಮೇಲೆ ಮಲಗೋ ಹಕ್ಕಿ ಕತ್ತಲೆಯಲ್ಲಿ ಇನ್ನೊಂದು ಜಾಗ ಹುಡುಕಬೇಕಲ್ಲ. ಅದನ್ನು ಓಡಿಸಿ ತೆಗೆದ ಚಿತ್ರ ಎಷ್ಟೇ ಚೂಪಾಗಿರಲಿ, ನನ್ನ ಕೈಗೆ ಕೊಡಬೇಡ.

ಮಗಳು: ಬೆಳಿಗ್ಗೆ ನಾನು ಕಾರಿನಿಂದ ಇಳಿಯಲೇ ಇಲ್ಲ. ಗಾಡಿದಾರಿ ಪಕ್ಕ ಎಂಜಿನ್ ನಿಲ್ಲಿಸಿ ಒಂದು ಗಂಟೆ ಕೂತಿದ್ದೆ. ಅದೇ ಹತ್ತಿರ ಬಂತು.

ದೊಡ್ಡಪ್ಪ: ಗೊತ್ತಾಯಿತು. ಹೆದರಿದ ಹಕ್ಕಿ ಬೆನ್ನು ತೋರಿಸುತ್ತೆ. ಇದು ನಿನ್ನ ಮುಂದೆಯೇ ವಾಲಿ ತಿರುಗಿದೆ. ನೀನು ಸುಮ್ಮನೆ ಕೂತಿದ್ದರಿಂದಲೇ ನಮಗೆ ಹೆಸರು ಸಿಕ್ಕಿದ್ದು.

ಮಗಳು: ಇನ್ನೊಂದು ಹಕ್ಕಿ ಇದೆ ದೊಡ್ಡಪ್ಪ. ಒಂಬತ್ತೂಮುಕ್ಕಾಲಿಗೆ, ದೂರದಲ್ಲಿ, ಎದುರು ಬಿಸಿಲು. ನಾಲ್ಕೇ ಚಿತ್ರ.

ದೊಡ್ಡಪ್ಪ: ತೋರಿಸು. ಬಾಲದ ಬಿಳಿ ಇದೆ. ಕತ್ತಿನ ಹತ್ತಿರ ಏನೋ ಬೆಳ್ಳಗಿದೆ, ಅದು ಬಿಸಿಲಿನ ಅಂಚೂ ಇರಬಹುದು. ರೆಕ್ಕೆಯ ಅಡಿ ಪೂರ್ತಿ ಕಪ್ಪು. ಮುಂದಿನದು? ಇದರಲ್ಲೂ ಅಷ್ಟೇ.

ಮಗಳು: ಕತ್ತಿನ ಬಿಳಿ ನೋಡಿದರೆ ಇದಾದರೂ ಪ್ಯಾಲಿಡ್ ಇರಬಹುದಲ್ವಾ?

ದೊಡ್ಡಪ್ಪ: ಇರಬಹುದು. ನಿನಗೆ ಏನನ್ನಿಸುತ್ತೆ, ಬರೆಯೋಣವಾ?

ಮಗಳು: ಬೇಡ. ಬೆರಳು ತೋರಿಸೋಕೆ ಒಂದೇ ಗುರುತಿದೆ, ಅದೂ ಅನುಮಾನ. ಹಕ್ಕಿ ಎಣಿಕೆ ದಾಖಲಿಸುವ ಇ-ಬರ್ಡ್ ತಾಣದಲ್ಲಿ ಎರಡು ಹೆಸರನ್ನು ಮಧ್ಯೆ ಗೀಟು ಹಾಕಿ ಒಟ್ಟಿಗೆ ನಮೂದಿಸೋಕೆ ಬರುತ್ತೆ. ಹಾಗೇ ಹಾಕ್ತೀನಿ.

ದೊಡ್ಡಪ್ಪ: ನನ್ನ ದಿನಚರಿ ಪುಸ್ತಕಗಳಲ್ಲಿ ‘ಕಂದು ಸೆಳೆವ, ಗೊತ್ತಾಗಲಿಲ್ಲ’ ಅನ್ನೋ ಸಾಲು ಎಷ್ಟು ಸಲ ಬಂದಿದೆಯೋ. ಅದನ್ನು ಬರೆಯೋಕೆ ಮೊದಮೊದಲು ಕೈ ಬರ್ತಿರಲಿಲ್ಲ. ಈಗ ಹಳೆಯ ಪುಟ ತಿರುವಿದಾಗ, ಆ ಸಾಲುಗಳು ಇರೋದರಿಂದಲೇ ಪಕ್ಕದಲ್ಲಿ ‘ಪ್ಯಾಲಿಡ್’ ಅಂತ ಬರೆದ ಸಾಲನ್ನು ನಂಬೋಕೆ ನನಗೆ ಧೈರ್ಯ ಬರುತ್ತೆ.

ಮಗಳು: ನಾಲ್ಕೂವರೆ ಆಯಿತು. ಸಂಜೆ ಎಣಿಸೋಕೆ ಹೋಗೋಣವಾ? ಕ್ಯಾಮೆರಾ ತರಲಾ?

ದೊಡ್ಡಪ್ಪ: ತಾ. ರಸ್ತೆ ದಾಟಿ ಹೋಗೋದು ಬೇಡ, ಅಷ್ಟೇ. ಬೇಲಿ ಈಚೆ ಕೂತರೆ ಸೂರ್ಯ ಮುಳುಗೋ ಮುಂಚೆ ಒಂದೊಂದಾಗಿ ಬರ್ತವೆ. ಹುಲ್ಲಿನ ಮೇಲೆ ಎರಡು ಸುತ್ತು ಹಾಕಿ, ರೆಕ್ಕೆ ಮಡಚಿ, ತಟ್ಟನೆ ಕೆಳಗೆ ಇಳಿದು ಮಾಯವಾಗ್ತವೆ. ಇಳಿದಿದ್ದನ್ನು ಮಾತ್ರ ಎಣಿಸಬೇಕು. ಅದಕ್ಕೆ ಮೊದಲು ಬೆಳಗಿನದನ್ನು ಬರೆದುಬಿಡು, ಆಮೇಲೆ ಮರೆತುಹೋಗುತ್ತೆ.

ಮಗಳು: ಬರೆದೆ, ಓದ್ತೀನಿ ಕೇಳಿ. ‘ಬಾಸೂರು ಕಾವಲು, ಬೆಳಿಗ್ಗೆ 8.30. ಮಾಂಟೆಗ್ಯೂ ಸೆಳೆವ, ಹೆಣ್ಣು, ಒಂದು. ಆಧಾರ: ಹನ್ನೊಂದನೆಯ ಚಿತ್ರ. 9.45. ಕಂದು ಸೆಳೆವ, ಒಂದು. ಗೊತ್ತಾಗಲಿಲ್ಲ.’

ದೊಡ್ಡಪ್ಪ: ಸರಿಯಾಗಿದೆ. ನನ್ನ ದುರ್ಬೀನು ಗೂಟದಲ್ಲಿ ನೇತುಹಾಕಿದೆ, ತಗೊಂಡು ಬಾ.